ಸೌಂಡ್

ಮೊದಲೇ ಹೇಳಿಬಿಡುತ್ತೇನೆ, ಇದು
ರೇಡಿಯೋದ ತಿರುಗಣೆ ಹಿಡಿದು ಕಡಿಮೆ ಮಾಡು ಅನ್ನುತ್ತೇವಲ್ಲ,
ಆ ಸೌಂಡ್ ಅಲ್ಲ.
ಶೆಟ್‌ಲೆಂಡಿನಲ್ಲಿ ಅದು ನೀರು.
ದ್ವೀಪಕ್ಕೂ ದ್ವೀಪಕ್ಕೂ ನಡುವೆ
ಇಕ್ಕಟ್ಟಿನಲ್ಲಿ ನುಗ್ಗುವ ಉಪ್ಪುನೀರು.
ಆಚೆ ದಡದ ದ್ವೀಪದ ಹೆಸರು ಯೆಲ್, ಎಂದರೆ ಅರಚು.
ನಡುವಿನದು ಯೆಲ್ ಸೌಂಡ್.
ನಕ್ಷೆಯಲ್ಲಿ ಓದಿದವನು ಕಿವಿ ಮುಚ್ಚಿಕೊಳ್ಳಬೇಕು.
ಹೆಸರಿಟ್ಟ ಹಳೆಯ ನಾವಿಕರಿಗೆ, ಪಾಪ,
ಇಂಗ್ಲಿಷೇ ಬರುತ್ತಿರಲಿಲ್ಲ.

ಆ ನೀರಿನ ಮೇಲೆ ಮೂವತ್ತೊಂದು ವರ್ಷ
ಫೆರಿಯ ಹೊಟ್ಟೆಯೊಳಗೆ, ಎಂಜಿನ್ನಿನ ಪಕ್ಕ ಕೂತು
ಗಿಡಿಯನ್ ಹಾಲ್‌ಕ್ರೋ ಕಿವಿ ಕಳೆದುಕೊಂಡ.
ಒಂದೇ ದಿನಕ್ಕಲ್ಲ.
ಮೊದಲು ಹಕ್ಕಿ ಹೋಯಿತು, ಆಮೇಲೆ ಕೆಟಲ್ಲು,
ಆಮೇಲೆ ಹೆಂಡತಿ ಬಾಬಿಯ ಬೈಗುಳದ ಬಾಲ.
(ಅರ್ಧ ಬೈಗುಳದಲ್ಲಿ ಸಂಸಾರ ಸುಖವಾಗಿತ್ತು, ಅನ್ನುತ್ತಾನೆ.)
ಕೊನೆಗೆ ಬಾಬಿಯೇ.

ಉಯಿಲು ಬರೆದುಕೊಳ್ಳಲು ಲರ್ವಿಕ್ಕಿನಿಂದ ಬಂದ ಹುಡುಗ
ಫಿಂಟನ್ ಡೇಲಿ, ಲಿವರ್‌ಪೂಲಿನವನು.
ಟೀ ಕೊಟ್ಟರೆ ಸೌಂಡ್, ಸಕ್ಕರೆ ಮುಗಿದಿದೆ ಅಂದರೆ ಸೌಂಡ್,
ನಾಯಿ ಬಂದು ಷೂ ನೆಕ್ಕಿದರೂ ಸೌಂಡ್ ಸೌಂಡ್.
ಅವನ ಊರಲ್ಲಿ ಅದಕ್ಕೆ ಅರ್ಥ, ಆಯ್ತು ಬಿಡಿ.
ಕಾಗದದ ಮೊದಲ ಸಾಲಲ್ಲೂ ಅದೇ ಕೂತಿತ್ತು:
ಸೌಂಡ್ ಮೈಂಡ್ ಉಳ್ಳವನಾದ ನಾನು.
ಮಗಳು ಓಸ್ಲಾ ಸ್ಲೇಟಿನಲ್ಲಿ ಬರೆದು ಮುಖಕ್ಕೆ ಹಿಡಿದಳು.
ಮುದುಕ ಕನ್ನಡಕ ಏರಿಸಿದ, ಇಳಿಸಿದ, ಭುಜ ಕುಲುಕಿ ನಕ್ಕ.
'ಬರಕೋ. ಕಿವಿಗೆ ಬಾರದ್ದೆಲ್ಲ ತಲೆಯೊಳಗೇ ಇದೆ.
ರಾತ್ರಿಯಿಡೀ ಎಂಜಿನ್ನು.'

ನಮ್ಮಲ್ಲೂ ಇಂಥದ್ದೊಂದು ಮಾತುಂಟು: ಗಟ್ಟಿ.
ಕೇಳಿಸದಿದ್ದರೆ ಗಟ್ಟಿಯಾಗಿ ಹೇಳು ಅನ್ನುತ್ತೇವೆ,
ಎಂಬತ್ತು ದಾಟಿದವನನ್ನು ಇನ್ನೂ ಗಟ್ಟಿ ಅನ್ನುತ್ತೇವೆ.
ಗದ್ದಲಕ್ಕೂ ಗಟ್ಟಿತನಕ್ಕೂ ಎಲ್ಲಿಯ ನಂಟು?
ಇಷ್ಟು ವರ್ಷ ಬಾಯಲ್ಲಿಟ್ಟುಕೊಂಡೂ ನಾನು ಕೇಳಿಕೊಂಡಿರಲಿಲ್ಲ.

ಆಸ್ತಿಯೆಂದರೆ ಒಂದು ಮನೆ, ಹದಿನಾಲ್ಕು ಕುರಿ, ಒಂದು ದೋಣಿ.
'ದೋಣಿ ಸೌಂಡ್ ಇದೆಯೇ? ನಮೂದಿಸಬೇಕು,' ಅಂದ ಹುಡುಗ.
ಮೂವರೂ ಗಾಳಿಗೆ ಬಾಗಿಕೊಂಡು ಹೊರಗೆ ನಡೆದರು.
ಗೂಟಗಳಿಗೆ ಆನಿಸಿ ನಿಲ್ಲಿಸಿದ ದೋಣಿ.
ಗಿಡಿಯನ್ ಹತ್ತಿ ಒಳಗೆ ಕುಕ್ಕರಿಸಿದ,
ಅಂಗೈ ಒತ್ತಿದ, ಸಾಲದೆಂದು ಗದ್ದವನ್ನೂ ಮರಕ್ಕೆ ಊರಿದ.
ಹೊರಗಿನಿಂದ ಓಸ್ಲಾ ಸುತ್ತಿಗೆಯ ಹಿಡಿಯಲ್ಲಿ
ಎಳೆಯದೋ ಬಲಿತದ್ದೋ ಎಂದು ತೆಂಗಿನಕಾಯಿ ತಟ್ಟುವ ಹಾಗೆ
ಹಲಗೆ ಹಲಗೆ ತಟ್ಟುತ್ತ ಹೋದಳು.
ಅವಳ ಎರಡೂ ಒಳ್ಳೆಯ ಕಿವಿಗಳಿಗೆ
ಎಲ್ಲವೂ ಟಕ್. ಟಕ್. ಟಕ್.
ಏಳನೆಯದಕ್ಕೆ ಒಳಗಿಂದ ಕೂಗು ಬಂತು, 'ಇದು.'
ಬಣ್ಣ ಹೊಸದು, ಮೈ ನುಣುಪು.
ಉಳಿ ಇಟ್ಟರೆ ಬೆಣ್ಣೆಗೆ ಇಳಿದಂತೆ ಇಳಿಯಿತು.

ಹುಡುಗ ನಿಂತಲ್ಲೇ ಬರೆದ:
ದೋಣಿ ಒಂದು. ಒಂದು ಹಲಗೆ ಹೊರತು, ಸೌಂಡ್.
ಅವನ ಕಾರು ತಿರುವಿನಲ್ಲಿ ಮರೆಯಾದ ಮೇಲೂ
ಮುದುಕ ಆ ತೂತಿನಲ್ಲಿ ಬೆರಳಿಟ್ಟುಕೊಂಡೇ ಕೂತಿದ್ದ.

ಆಳ ನೋಡುವುದಕ್ಕೂ ಅಲ್ಲಿ ಅದೇ ಪದ.
ಹಗ್ಗದ ತುದಿಯ ಸೀಸದ ಗುಂಡಿಗೆ ಕೊಬ್ಬು ಮೆತ್ತಿ
ನೀರಿಗೆ ಇಳಿಬಿಡುತ್ತಿದ್ದರು.
ಎಳೆದಾಗ ಕೊಬ್ಬಿಗೆ ಅಂಟಿಕೊಂಡು ಬಂದ
ಮರಳೋ, ಕೆಸರೋ, ಚಿಪ್ಪಿನ ಚೂರೋ,
ಕೆಳಗಿನ ಸುದ್ದಿ ಅಷ್ಟೇ.

ಓಸ್ಲಾ ರಾತ್ರಿ ಸ್ಲೇಟು ಒರೆಸಿ ಬರೆದಳು,
'ಅಮ್ಮ ನೆನಪಾಗುತ್ತಾಳಾ?'
ದೀಪದ ಹತ್ತಿರ ಹಿಡಿದಳು, ಕಾದಳು.
ಹೊರಗೆ ಸೌಂಡ್ ದಡಕ್ಕೆ ಬಡಿದುಕೊಳ್ಳುತ್ತಿತ್ತು,
ಅವಳೊಬ್ಬಳಿಗಾಗಿ.

ಎಷ್ಟೋ ಹೊತ್ತಿನ ಮೇಲೆ ಅವನಂದ,
ಕಿವುಡರು ಹೇಳುವ ಹಾಗೆ, ತುಸು ಹೆಚ್ಚೇ ಗಟ್ಟಿಯಾಗಿ:
'ಕುರಿಗೆ ಮೇವು ಹಾಕಿದೆಯಾ?'