ತಾನಾಗಿ

ನಸುಕಿಗೇ ಫೋನು ನಡುಗಿತು:
ಪಾಲಿಸಿ ತಾನಾಗಿ ನವೀಕರಣ,
ಹದಿನಾಲ್ಕು ಸಾವಿರದ ಇನ್ನೂರಾ ಆರು ಕಡಿತ.
ಹೋದ ವರ್ಷ ಒಂಬತ್ತು ಚಿಲ್ಲರೆ.

ಕಿಟಕಿಯಾಚೆ, ವಾಸ್ಕೋದ ಮಂಗೂರ್ ಹಿಲ್ಲಿನ ಇಳಿಜಾರಲ್ಲಿ,
ಚಕ್ರಕ್ಕೆ ಕಲ್ಲಿಟ್ಟು ನಿಲ್ಲಿಸಿದ ನನ್ನ ಆಲ್ಟೊ.
ಕಾಗದದಲ್ಲಿ ಅದರ ಬೆಲೆ ಇಳಿದಿದೆ,
ಅದರ ಕಾವಲಿನ ಬೆಲೆ ಏರಿದೆ.
ಒಂದು ಕ್ಲೇಮಿಲ್ಲ. ಎಮ್ಮೆ ಗೀರಿದ್ದಕ್ಕೂ
ನಾನೇ ಬಣ್ಣ ಬಳಿದೆ.

ಕಾಲ್ ಸೆಂಟರಿನ ಹುಡುಗಿ: "ನೀವೇ ಟಿಕ್ ಮಾಡಿದ್ದೀರಿ ಸರ್."
ಹೆಬ್ಬೆಟ್ಟು ನೋಡಿಕೊಂಡೆ.
ಮೂರು ವರ್ಷದ ಹಿಂದೆ ಒತ್ತಿದ್ದು ಇದೇ.

ಅಷ್ಟರಲ್ಲಿ ಪೋಂ ಪೋಂ. ಪಾವಿನ ಸೈಕಲ್ಲು.
ಕಾಯ್ತಾನ್ ಬುಟ್ಟಿಯ ಪ್ಲಾಸ್ಟಿಕ್ ಸರಿಸಿ
ನನ್ನ ಮುಖ ನೋಡದೆ, ಎಣಿಸುತ್ತ, ಅಂದ:
"ಬರೋ ಸೋಮವಾರದಿಂದ ಒಂದು ರೂಪಾಯಿ ಜಾಸ್ತಿ, ಸಾಯ್ಬಾ.
ಬೇಡಾಂದ್ರೆ ಈಗಲೇ ಹೇಳಿಬಿಡಿ."

ಬೇಡ ಅನ್ನಲು ಇಷ್ಟು ಜಾಗ ಬಿಟ್ಟವನ ಹತ್ತಿರ
ಎರಡು ಪಾವು ಹೆಚ್ಚಿಗೇ ತಗೊಂಡೆ.
ಇನ್ನೂ ಬಿಸಿ ಇದ್ದವು.