ನೀರಿನ ಪಾಳಿ

ಈ ವಾರ ನನ್ನ ಪಾಳಿ.
ಹದಿನೇಳನೇ ಮನಿ, ಗಿರಿಜಾ ಕಾಲನಿ,
ಗೋಕುಲ ರೋಡಿನ ಹಿಂದ, ಹುಬ್ಬಳ್ಳಿ.
ಸಂಘದ ಪುಸ್ತಕದಾಗ ಒಂಬತ್ತನೇ ನಿಯಮ ಹಿಂಗೈತಿ:
‘ನಳ ಬಂದ ರಾತ್ರಿ ಪಾಳಿಯವರು ಎಚ್ಚರವಿದ್ದು
ಯಾವ ಮನೆಯನ್ನೂ ಬಿಡದೆ ಎಬ್ಬಿಸತಕ್ಕದ್ದು.’
ಆ ‘ತಕ್ಕದ್ದು’ ಬರದವರು ಮೊದಲನೇ ಕಾರ್ಯದರ್ಶಿ,
ರೈಲ್ವೆ ವರ್ಕ್‌ಶಾಪಿನ ಟೈಮ್‌ಕೀಪರ್ ತಡಕೋಡ ಅವರು;
ಅವರ ಅಕ್ಷರ ಈಗಲೂ ಹಳಿ ಮ್ಯಾಲೆ ನಿಂತಾವ.

ಉಳಿದ ನಿಯಮ ಯಾರೂ ಓದೂದಿಲ್ಲ.
ಗೇಟಿಗೆ ಅಡ್ಡ ಗಾಡಿ ನಿಲ್ಲಸಬಾರದು, ನಿಲ್ಲಸ್ತಾರ.
ಖಾಲಿ ಪ್ಲಾಟಿಗೆ ಕಸ ಒಗೀಬಾರದು,
ಒಗದು, ಹಂದಿಗೆ ಬೈತಾರ.
ತಿಂಗಳ ವಂತಿಗಿ ಹತ್ತನೇ ತಾರೀಖಿನೊಳಗ:
‘ಬರ್ರೀ, ಚಾ ಕುಡೀರಿ’ ಅಂತಾರ,
ಚಾ ಕೊಡ್ತಾರ.
ಒಂಬತ್ತನೇದೊಂದು ಮಾತ್ರ ಯಾರೂ ಮುರದಿಲ್ಲ.
ಎಂಟು ದಿನಕ್ಕೊಮ್ಮೆ ಬರೋ ನೀರು
ಯಾರಿಗೂ ಮಾಫಿ ಕೊಡೂದಿಲ್ಲ.

ಒಂದೂ ಮುಕ್ಕಾಲಿಗೆ ಫಕ್ಕೀರಪ್ಪನ ಸೈಕಲ್ ಸಪ್ಪಳ.
ಕುಕ್ಕರಗಾಲಿಲೆ ಕುಂತು, ಉದ್ದನ ಚಾವಿ ಇಳಿಸಿ
ಮೂವತ್ತೆರಡು ಸುತ್ತು ತಿರವ್ತಾನ, ನಾ ಎಣಸ್ತೀನಿ.
ನೆಲದೊಳಗ ಮೊದಲು ಗಾಳಿ ಕೆಮ್ಮತೈತಿ.
‘ಬಿಟ್ಟೇನ್ರೀ ಅಕ್ಕಾರ’ ಅಂದು, ಬೀಡಿ ಹಚ್ಚಿ,
ಅವ ಮುಂದಿನ ಕಾಲನಿಗೆ.

ಎಬ್ಬಸೂದೂ ಒಂದು ವಿದ್ಯೆ.
ಕಬಾಡಿಯವರ ಮನಿ ಬೆಲ್ ಒತ್ತಬಾರದು, ಹಸುಗೂಸೈತಿ,
ಕಿಟಕಿ ಗಾಜಿಗೆ ಬಳಿ ತಾಗಿಸಿದ್ರ ಸಾಕು.
ನದಾಫರ ಸೊಸಿ ನನಗಿಂತ ಮೊದಲ ಎದ್ದಿರತಾಳ;
ಬಾಗಲದಾಗ ಕೊಡ ಸಾಲಾಗಿ, ಪ್ರಾರ್ಥನೆಗೆ ನಿಂತ ಸಾಲಿ ಹುಡುಗರಂಗ.
ಫರ್ನಾಂಡಿಸ್ ಅಜ್ಜಗ ಕಿವಿ ಕೇಳೂದಿಲ್ಲ,
‘ಗಿರಮಿಟ್’ ಅಂತ ನಾಯೀನ ಕರೀಬೇಕು,
ನಾಯಿ ಅಜ್ಜನ್ನ ಎಬ್ಬಸತೈತಿ.
ಬಾಡಿಗಿ ಹುಡುಗ್ರು ಬಾಗಲ ಒದ್ದರೂ ಏಳೂದಿಲ್ಲ,
ಹತ್ತೂವರೆಗೆ ಬಂದು ನನ್ನ ಕಡೆನೇ ಒಂದು ಬಕೆಟ್ ಕೇಳ್ತಾರ.

ಹಿಂಗ ಓಣಿ ಸುತ್ತಿ ಬಂದ್ರ
ಕಡೀಗೆ ಹದಿನೆಂಟು.
ಹುದ್ದಾರ ಅವರ ಮನಿ.
ಎರಡು ವರ್ಷಾತು ಮಾತಿಲ್ಲ.
ಅವರ ಮೋರಿ ನೀರು ನಮ್ಮ ಕರಿಬೇವಿನ ಬುಡಕ್ಕ,
ನಮ್ಮ ಕರಿಬೇವಿನ ಎಲಿ ಅವರ ಅಂಗಳಕ್ಕ.
ನಾಲ್ಕನೇ ನಿಯಮ ಹಿಡದು ನಾ ಅರ್ಜಿ ಕೊಟ್ಟೆ,
ಹನ್ನೊಂದನೇದು ಹಿಡದು ಅವರು.
ಸಭೆ ಎರಡೂ ಓದಿ, ಅವಲಕ್ಕಿ ತಿಂದು, ಮುಂದೂಡಿತು.
ಅವರ ಮನ್ಯಾಗ ಮದವಿ ಆತು, ಕಾರ್ಡ್ ಬರಲಿಲ್ಲ.
ನಮ್ಮವರನ್ನ ದವಾಖಾನಿಗೆ ಒಯ್ದ ಹದಿಮೂರು ರಾತ್ರಿ
ಅವರ ಹೊರಗಿನ ಲೈಟು ಆರಲೇ ಇಲ್ಲ.
ಅದಕ್ಕೇನರ್ಥ, ಇನ್ನೂ ತಿಳದಿಲ್ಲ.

ಕೈ ಎತ್ತಿದೆ. ಬಾಗಲ ಮಟ ಹೋಗಲಿಲ್ಲ ಕೈ.
ಹಂಗ ಬಿಟ್ಟು ಹೋದ್ರ? ಯಾರು ನೋಡ್ಯಾರು?
ಟಾಕಿ ಒಣಗಲಿ, ರೊಕ್ಕ ಕೊಟ್ಟು ಟ್ಯಾಂಕರ್ ತರಸಲಿ,
ಅಂತ ಒಂದು ಗಳಿಗಿ ಬಾಯಿ ಸಿಹಿ ಆತು.
ಖರೇ ಹೇಳ್ತೀನಿ, ಆತು.

ಆಮ್ಯಾಲೆ ಒಂದು ಕಲ್ಲು ಹುಡುಕಿ
ಅವರ ಗೇಟಿನ ಮುಂದಿನ ಲೈಟ್ ಕಂಬಕ್ಕ ಬಡದೆ.
ಠಣ್. ಠಣ್. ಠಣ್.
ಕಂಬ ಯಾರ ಮನಿದೂ ಅಲ್ಲ,
ಕಂಬದ ಜೋಡಿ ಯಾರೂ ಮಾತು ಬಿಟ್ಟಿಲ್ಲ.
ಬಾಡಿಗಿ ಹುಡುಗ್ರೂ ಎದ್ರು.

ಹುದ್ದಾರ ಬನಿಯನ್ ಮ್ಯಾಲೆ ಬಂದು ಮೋಟಾರ್ ಹಚ್ಚಿದ್ರು.
ನನ್ನ ಕಡೆ ನೋಡಲಿಲ್ಲ.
ಕಂಬದ ಕಡೆ ನೋಡಿ ಅಂದ್ರು:
‘ಈ ಸಲ ಪ್ರೆಶರ್ ಕಮ್ಮಿ ಐತಿ.’
ನಾನೂ ಕಂಬಕ್ಕೇ ಹೇಳಿದೆ:
‘ನಳಕ್ಕ ಮೋಟಾರ್ ಹಚ್ಚಿದ್ರ ಮುಂದಿನ ಮನಿಗೆ ಏರೂದಿಲ್ಲ.
ಆರನೇ ನಿಯಮ.’
ಸ್ವಲ್ಪ ಹೊತ್ತು ಕತ್ತಲಿ.
ಬಂದ್ ಆತು ಮೋಟಾರ್.

ಪುಸ್ತಕದಾಗ ಬರದು ಸಹಿ ಮಾಡಿದೆ:
‘ಎಲ್ಲ ಮನೆಗಳನ್ನೂ ಎಬ್ಬಿಸಲಾಗಿದೆ. ವೇಳೆ ಎರಡು ಇಪ್ಪತ್ತು.’
ಮುಂದಿನ ವಾರದ ಪಾಳಿ ಹದಿನೆಂಟನೇ ಮನಿದು.
ನಮ್ಮ ಗೇಟಿನ ಮುಂದ ಕಂಬಿಲ್ಲ.
ಏನ ಬಡೀತಾರೋ ನೋಡೋಣು.