ಸರಿಯಾದ ಉತ್ತರ ಆರಿಸಿ

ಟ್ಯಾಬುಗಳು ಬಂದದ್ದು ಬಂದರಿನಿಂದ, ಫೆರಿಯಲ್ಲಿ,
ಒಂದೇ ಪೆಟ್ಟಿಗೆಯಲ್ಲಿ ಹನ್ನೊಂದು,
ಮೂವತ್ತನಾಲ್ಕು ಮಕ್ಕಳಿಗೆ.
ಕೊಟ್ಟವರು ಫೋಟೋ ತೆಗೆಸಿಕೊಂಡರು, ಎಳನೀರು ಕುಡಿದರು,
ಶೂ ಒಳಗಿನ ಮರಳು ಕೊಡವಿ
ಹನ್ನೆರಡೂವರೆಯ ದೋಣಿ ಹಿಡಿದರು.
ಉಳಿದದ್ದು ನಾನು, ಪೆಟ್ಟಿಗೆ, ಬೆಂಗ್ರೆಯ ಗಾಳಿ.

ಈ ಗಾಳಿಯ ಬಗ್ಗೆ ಹೇಳಬೇಕು.
ಒಂದು ಕಿಟಕಿಗೆ ಕಡಲು, ಇನ್ನೊಂದಕ್ಕೆ ಹೊಳೆ,
ನಡುವೆ ನಮ್ಮ ಶಾಲೆ,
ನಾಲಿಗೆಯ ಮೇಲಿಟ್ಟ ಉಪ್ಪಿನ ಹರಳು.
ಬೀಗಕ್ಕೆ ತುಕ್ಕು, ಗಂಟೆಗೆ ತುಕ್ಕು,
ಹಿಂದೊಮ್ಮೆ ಬಂದ ಕಂಪ್ಯೂಟರಿನ ಹೊಟ್ಟೆಯಲ್ಲಿ
ಹಸಿರು ಪುಡಿ.
ಜಲಜಕ್ಕ ಇಣುಕಿದಳು, ಸೌಟು ಕೈಯಲ್ಲೇ ಇತ್ತು:
"ಅಕ್ಕಿ ಡ್ರಮ್ಮಿನಲ್ಲಿಡಿ ಟೀಚರ್. ಅಕ್ಕಿ ನೀರು ಎಳೀತದೆ."
ಅಂದಿನಿಂದ ಬಿಸಿಯೂಟದ ಅಕ್ಕಿಯೊಳಗೆ
ಮಲಗುತ್ತವೆ ಹನ್ನೊಂದು ಪರದೆ.
ಬೆಳಿಗ್ಗೆ ತೆಗೆದರೆ ಚಾರ್ಜಿನ ತೂತಿನಲ್ಲಿ ನುಚ್ಚು;
ಮಿಸ್ರಿಯಾ ಹೇರ್‌ಪಿನ್ನಿನಿಂದ ಬಿಡಿಸುತ್ತಾಳೆ.

ಇಂಟರ್ನೆಟ್ಟಿಗೆ ಯಾವ ಲೆಕ್ಕದಲ್ಲೂ ಹಣವಿಲ್ಲ.
ಹಾಗಾಗಿ ಬಂದರಿನ ಐಸ್ ಪ್ಲಾಂಟಿನ ಗೋಡೆಗೊರಗಿ
ಪಾಠ ಇಳಿಸಿಕೊಳ್ಳುತ್ತೇನೆ, ಬೆಳಿಗ್ಗೆ ಏಳೂವರೆಗೆ.
ಪಾಸ್‌ವರ್ಡ್ ಕೊಟ್ಟವರು ಕಾವಲಿನ ಪೊಡಿಯಬ್ಬ:
"ಬೂತಾಯಿ, ಮತ್ತೆ ಒಂದು ಎರಡು ಮೂರು.
ಯಾರಿಗೂ ಹೇಳ್ಬೇಡಿ."
ಹೇಳಿಬಿಟ್ಟೆ.
ಗೋಡೆಯಾಚೆ ಐಸು ಪುಡಿಯಾಗುವ ಸದ್ದು,
ಈಚೆ ಭಿನ್ನರಾಶಿ, ನೂರರಲ್ಲಿ ನಲವತ್ತು ಇಳಿದು ನಿಂತಿದೆ.
ಆಮೇಲೆ ದೋಣಿ. ನನ್ನ ಬ್ಯಾಗಿನಲ್ಲಿ ವಾರದ ಪಾಠ,
ಪಕ್ಕದವಳ ಬುಟ್ಟಿಯಲ್ಲಿ ಬಂಗುಡೆ.
ಭಾರ ಅವಳದೇ ಹೆಚ್ಚು.

ಆ ಮಂಗಳವಾರ ಟ್ಯಾಬು ಕೇಳಿತು,
ತೊಳೆದು ಇಸ್ತ್ರಿ ಹಾಕಿದ ಕನ್ನಡದಲ್ಲಿ:
ನಿಮ್ಮ ಊರಿನ ನದಿ ಯಾವುದು? ಸರಿಯಾದ ಉತ್ತರ ಆರಿಸಿ.
ಕಾವೇರಿ. ಕೃಷ್ಣಾ. ತುಂಗಭದ್ರಾ. ಶರಾವತಿ.
ಮಿಸ್ರಿಯಾ ಕಿಟಕಿ ನೋಡಿದಳು.
ಹೊಳೆ ಅಲ್ಲೇ ಇತ್ತು, ಗುರುಪುರದಿಂದ ನಡೆದು ಬಂದು,
ಬೆನ್ನ ಮೇಲೆ ಟ್ರಾಲ್ ಬೋಟು ಹೊತ್ತು.
ಪರದೆ ನೋಡಿದಳು. ಮತ್ತೆ ಕಿಟಕಿ.
ಬಾದಾಮಿ ಕಡೆಯ ಯಮನೂರ,
ಅವನವ್ವ ಧಕ್ಕೆಯಲ್ಲಿ ಮೀನು ಆರಿಸುತ್ತಾಳೆ,
"ಮಲಪ್ರಭಾನೂ ಇಲ್ರೀ" ಎಂದ.
ತನ್ವಿತ್ ನಾಲ್ಕನ್ನೂ ಒತ್ತಿದ, ಒಂದಾದ ಮೇಲೊಂದು;
ಯಾವುದಕ್ಕೋ ಹಸಿರು ಬಿತ್ತು.
ಅವಳು ಒಂದನ್ನೂ ಒತ್ತಲಿಲ್ಲ.
ಮತ್ತೆ ಪ್ರಯತ್ನಿಸಿ, ಎಂದಿತು ಟ್ಯಾಬು.
ಮತ್ತೆ ಪ್ರಯತ್ನಿಸಿ.
ಇಪ್ಪತ್ತು ವರ್ಷ ನಾನೂ ಅದನ್ನೇ ಹೇಳಿದ್ದೇನೆ,
ಕೆಂಪು ಶಾಯಿಯಲ್ಲಿ.

ಮೂಲೆಯಲ್ಲೊಂದು ಬೂದು ಗುಂಡಿ ಇತ್ತು:
ಶಿಕ್ಷಕರು ಪ್ರಶ್ನೆ ಸೇರಿಸಬಹುದು.
ನಾನು ಒತ್ತಿದೆ. ಸೇರಿಸಿದ್ದು ಮಕ್ಕಳು.
ಬೋಟಿನ ಹೊಟ್ಟೆಯಲ್ಲಿ ಐಸು ಎಷ್ಟು ದಿನ ಬಾಳುತ್ತದೆ?
ಬಲೆಯ ಕಣ್ಣು ಎರಡು ಬೆರಳಾದರೆ
ತಪ್ಪಿಸಿಕೊಳ್ಳುವ ಮೀನು ಯಾವುದು?
ಯಮನೂರನದು: ಊರಿಗೆ ಹೋಗುವ ಬಸ್ಸು ಎಷ್ಟು ಗಂಟೆಗೆ?
ಆಯ್ಕೆಗಳನ್ನೂ ಅವನೇ ಬರೆದ, ನಾಲ್ಕೂ ರಾತ್ರಿಯವು.
ಮಿಸ್ರಿಯಾ ಬಹಳ ಹೊತ್ತು ಯೋಚಿಸಿ,
ಕಡಲು ಯಾವ ದಿಕ್ಕಿಗೆ, ಎಂದಳು.
"ಸುಲಭ ಆಯ್ತು ಮಾರಾಯ್ತಿ" ಅಂದರು ಎಲ್ಲರೂ.

ಐಸ್ ಪ್ಲಾಂಟಿನ ಗೋಡೆಯಿಂದ ಕಳಿಸಿದೆ.
ಹತ್ತು ದಿನದ ಮೇಲೆ ಉತ್ತರ ಇಳಿಯಿತು:
ಬೀದರಿನ ಯಾವುದೋ ಶಾಲೆಯಿಂದ,
ನಾಲ್ಕನೆಯ ತರಗತಿಯ ಒಬ್ಬಳು,
ಪೂರ್ವ.
ಬೆಂಚು ಕುಟ್ಟಿ ನಕ್ಕಿತು ತರಗತಿ.
ಮೊದಲ ಸಲ ತಪ್ಪು ಬೇರೆಯವರದಾಗಿತ್ತು.
ಮಿಸ್ರಿಯಾ ಮಾತ್ರ ನನ್ನ ಹತ್ತಿರ ಬಂದು,
"ಅವಳಿಗೂ ಹೇಳ್ತದಾ ಇದು, ಮತ್ತೆ ಪ್ರಯತ್ನಿಸಿ ಅಂತ?"
ಹೇಳ್ತದೆ.
"ಅದು ಬೇಡ ಟೀಚರ್. ನಾನು ಹೇಳ್ತೇನೆ."

ಮೈಕಿನ ಚಿತ್ರದ ಮೇಲೆ ಬೆರಳೊತ್ತಿ ಹಿಡಿದು,
ಎದುರಿಗೆ ಯಾರೋ ಕೂತ ಹಾಗೆ:
"ಪರವಾಗಿಲ್ಲ. ನೀನು ನೋಡ್ಲಿಲ್ಲ ಅಲ್ವಾ.
ಪೂರ್ವಕ್ಕೆ ಹೊಳೆ. ಕಡಲು ಸೂರ್ಯ ಮುಳುಗುವ ಕಡೆ.
ಒಂದ್ಸಲ ಬಾ, ತೋರಿಸ್ತೇನೆ.
ದೋಣಿ ಸಂಜೆವರೆಗೂ ಉಂಟು."

ಅವಳ ದನಿಯ ಹಿಂದೆ ಒಂದು ಕಾಗೆ,
ಜಲಜಕ್ಕ ಸೇರಿನಲ್ಲಿ ಅಳೆದು ಸುರಿಯುವ
ಅಕ್ಕಿಯ ಸದ್ದು.
ಅಳಿಸುವುದು ಹೇಗೆಂದು ಗೊತ್ತಾಗಲಿಲ್ಲ.
ಹಾಗೇ ಕಳಿಸಿದೆ.